ಸೊಂಟದ ವಿಚಾರಣೆ

ಕೆಳಗೆ ಬಿದ್ದ ಪೆನ್ನಿನ ಮುಚ್ಚಳವನ್ನು ಎತ್ತಿಕೊಳ್ಳಲು ಬಗ್ಗಿ, ಏಳುವಾಗ ಒಂದು ಕೈಯನ್ನು ಮೇಜಿಗೂ ಇನ್ನೊಂದನ್ನು ಸೊಂಟಕ್ಕೂ ಕೊಟ್ಟು 'ಅಮ್ಮಾ' ಎಂದು ನರಳಿದರೆ ಸಾಕು, ಪಕ್ಕದಲ್ಲಿರುವವರು ತಲೆಯನ್ನೂ ಎತ್ತದೆ 'ವಯಸ್ಸಾಯಿತಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನೋವನ್ನು ಹೇಗೋ ಸಹಿಸಬಹುದು, ಈ ತೀರ್ಪನ್ನು ಸಹಿಸುವುದು ಕಷ್ಟ. ವಯಸ್ಸು ನೋವಿಗೆ ದಾರಿ ಮಾಡಿಕೊಟ್ಟೀತು. ಆದರೆ ನೋವು ಎಲ್ಲಿಂದ ಹೊರಟಿದೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಉತ್ತರ ಹುಡುಕಲು ಹೊರಟರೆ ಶಂಕಿತರ ಸಾಲೇ ನಿಲ್ಲುತ್ತದೆ. ಸೊಂಟದ 5 ಕಶೇರುಗಳ, ಅಂದರೆ ಬೆನ್ನುಮೂಳೆಯ ಮಣಿಗಳ, ನಡುವಿನ ಮೆತ್ತೆಯಂಥ ಡಿಸ್ಕುಗಳು ನೀರಿನಂಶ ಕಳೆದುಕೊಂಡು ತೆಳುವಾಗಿರಬಹುದು, ಹಿಂಬದಿಯ ಪುಟ್ಟ ಕೀಲುಗಳು ಸವೆದಿರಬಹುದು, ನರಗಳು ಹಾಯುವ ನಾಳ ಕಿರಿದಾಗಿರಬಹುದು, ಬೆನ್ನನ್ನು ಹಿಡಿದು ನಿಲ್ಲಿಸುವ ಸ್ನಾಯುಗಳು ಸೊರಗಿರಬಹುದು. ಇದಾವುದೂ ಅಲ್ಲದೆ, ಕೆಟ್ಟಿರುವುದು ತೊಡೆಯ ಕೀಲಾಗಿದ್ದು ನೋವು ಮಾತ್ರ ಸೊಂಟದಲ್ಲಿ ಕಾಣಿಸಿಕೊಳ್ಳುತ್ತಿರಬಹುದು.

ಇಷ್ಟು ಮಂದಿಯಲ್ಲಿ ತಪ್ಪಿತಸ್ಥನನ್ನು ಎಂಆರ್‌ಐ ಹಿಡಿದುಕೊಡುತ್ತದೆ ಎಂಬ ನಂಬಿಕೆಯೊಂದಿದೆ. ಆ ದೊಡ್ಡ ಲಕೋಟೆ ಮನೆಗೆ ಬಂದ ದಿನ ಅದು ಜಾತಕದಂತೆ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬರು ಫಿಲ್ಮನ್ನು ಕಿಟಕಿಯ ಬೆಳಕಿಗೆ ತಲೆಕೆಳಗಾಗಿ ಹಿಡಿಯುತ್ತಾರೆ. ಇನ್ನೊಬ್ಬರು 'ಡಿಸ್ಕ್ ಬಲ್ಜ್', ಅಂದರೆ ಡಿಸ್ಕ್ ಉಬ್ಬಿದೆ, ಎಂದು ಗಟ್ಟಿಯಾಗಿ ಓದಿ ನಿಟ್ಟುಸಿರು ಬಿಡುತ್ತಾರೆ. ನಿನ್ನೆಯವರೆಗೆ ಮೆಟ್ಟಿಲು ಹತ್ತುತ್ತಿದ್ದ ವ್ಯಕ್ತಿ, ಬೆನ್ನಿಗೆ ಹೊಸದಾಗಿ ಏನೂ ಆಗಿರದಿದ್ದರೂ, ಇಂದು ಗೋಡೆ ಹಿಡಿದು ನಡೆಯತೊಡಗುತ್ತಾರೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೊಂಟನೋವೇ ಇಲ್ಲದ 98 ಜನರನ್ನು ಈ ಯಂತ್ರದೊಳಗೆ ಮಲಗಿಸಿದಾಗ, ಶೇ. 52ರಷ್ಟು ಮಂದಿಯಲ್ಲಿ ಕನಿಷ್ಠ ಒಂದು ಡಿಸ್ಕಾದರೂ ಉಬ್ಬಿತ್ತು. ಇಂತಹ 33 ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯ ಪ್ರಕಾರ, ಡಿಸ್ಕ್ ಸವೆತವು ನೋವಿಲ್ಲದ 20ರ ಹರೆಯದವರಲ್ಲಿ ಶೇ. 37ರಷ್ಟು, 80ರ ವಯಸ್ಸಿನವರಲ್ಲಿ ಶೇ. 96ರಷ್ಟು ಕಾಣಿಸುತ್ತದೆ. ಎಂಬತ್ತರಲ್ಲಿ ಡಿಸ್ಕ್ ಸವೆದಿಲ್ಲ ಎಂಬ ರಿಪೋರ್ಟ್ ಬಂದರೆ, ಅದು ಬೇರೆಯವರದ್ದೇ ಎಂದು ಅನುಮಾನಿಸಬೇಕು.

ಚಿತ್ರಕ್ಕಿಂತ ಮೊದಲು ಕೇಳಬೇಕಾದದ್ದು, ನೋವು ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ ಎಂಬುದನ್ನು. ನಡೆದಂತೆಲ್ಲ ಕಾಲು ಭಾರವಾಗಿ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರವಾಗುವುದಾದರೆ ನರಗಳ ನಾಳದ ಮೇಲೆ ಸಂಶಯ ಪಡಬೇಕು. ಬಾಗಿದಾಗ ಆ ನಾಳ ತುಸು ಅಗಲವಾಗುತ್ತದೆ. ಮೂಳೆ ಟೊಳ್ಳಾದವರಲ್ಲಿ, ಅದರಲ್ಲೂ ಮುಟ್ಟು ನಿಂತ ಮಹಿಳೆಯರಲ್ಲಿ ಮತ್ತು ಬಹುಕಾಲ ಸ್ಟೀರಾಯ್ಡ್ ನುಂಗಿದವರಲ್ಲಿ, ಒಂದು ಸೀನಿನ ರಭಸಕ್ಕೂ ಕಶೇರು ಕುಸಿಯಬಹುದು. ನೋವಿನ ಜೊತೆಗೆ ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಇದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಮೂತ್ರದ ಹಿಡಿತ ತಪ್ಪಿದರಂತೂ ಆ ಕ್ಷಣವೇ ಹೊರಡಬೇಕು.

ಈ ಪ್ರಶ್ನೆಗಳನ್ನು ಕೇಳುವ ತಾಳ್ಮೆ ಯಾರಿಗೂ ಇಲ್ಲ. ಸಲಹೆ ಕೊಡುವ ಉತ್ಸಾಹ ಎಲ್ಲರಿಗೂ ಇದೆ. ಮಿದು ಹಾಸಿಗೆ ಬಿಟ್ಟು ಹಲಗೆಯ ಮೇಲೆ ಮಲಗಬೇಕೆಂಬುದು ಅವುಗಳಲ್ಲಿ ಅತ್ಯಂತ ಹಟಮಾರಿ ಸಲಹೆ. ದೀರ್ಘಕಾಲದ ಸೊಂಟನೋವಿನ 313 ಜನರನ್ನು 90 ದಿನ ಗಮನಿಸಿದ 2003ರ ಅಧ್ಯಯನದಲ್ಲಿ, ತೀರಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು. ಇದನ್ನು ಎಷ್ಟು ಹೇಳಿದರೂ ಹಲಗೆಯ ಪಕ್ಷದವರು ಒಪ್ಪುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಸೊಂಟನೋವು ಇನ್ನೂ ಬಂದಿರುವುದಿಲ್ಲ.