‘ಇದ್ದರು’ ಅಲ್ಲ, ಇದ್ದಾರೆ

ನಿನ್ನೆ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನರಗಾನ್ಸೆಟ್ ಕೊಲ್ಲಿಯ ದಂಡೆಯಲ್ಲಿ ನಮ್ಮನ್ನು ಸುತ್ತಾಡಿಸಿದ ಮಾರ್ಗದರ್ಶಿ, ಆ ಕೊಲ್ಲಿಗೆ ಹೆಸರು ಕೊಟ್ಟ ನರಗಾನ್ಸೆಟ್ ಎಂಬ ಮೂಲನಿವಾಸಿ ಬುಡಕಟ್ಟಿನ ಜನರ ಬಗ್ಗೆ ಗಂಟೆಗಟ್ಟಲೆ ಮಾತನಾಡಿದರೂ ಒಮ್ಮೆಯಾದರೂ ‘ಇದ್ದಾರೆ’ ಎನ್ನಲಿಲ್ಲ. ಇಲ್ಲಿದ್ದರು, ಮೀನು ಹಿಡಿಯುತ್ತಿದ್ದರು, ಇಲ್ಲವಾದರು ಎಂದದ್ದನ್ನು ನನ್ನ ಮಗಳು ನಂಬಿ ತಲೆಯಾಡಿಸಿದಾಗ ನನಗೆ ತಡೆಯಲಾಗದ ಸಿಟ್ಟು ಬಂತು.

ಆ ಜನರ ಹಿಂದಿನ ಬದುಕನ್ನಾದರೂ ಮಾರ್ಗದರ್ಶಿ ಸರಿಯಾಗಿ ಹೇಳಬಹುದಿತ್ತು. ಬೇಸಿಗೆಯಲ್ಲಿ ಕಡಲ ಸಮೀಪ ಮೆಕ್ಕೆಜೋಳ, ಬೀನ್ಸ್, ಕುಂಬಳಗಳನ್ನು ಬೆಳೆದು, ಕಪ್ಪೆಚಿಪ್ಪು ಹೆಕ್ಕಿ, ಅದರ ನೇರಳೆ ಅಂಚಿನಿಂದ ವಾಂಪಮ್ ಮಣಿಗಳನ್ನು ಕೊರೆದು, ಚಳಿಗಾಲಕ್ಕೆ ಒಳನಾಡಿನ ಕಾಡಿನ ಮರೆಗೆ ಹೋಗುತ್ತಿದ್ದ ಜನ ಅವರು. ನೈಋತ್ಯದಲ್ಲಿರುವ ಕೌಟಾಂಟೊವಿಟ್ ದೇವರ ಹೊಲದಿಂದ ಕಾಗೆಯೊಂದು ಒಂದು ಕಿವಿಯಲ್ಲಿ ಜೋಳದ ಕಾಳನ್ನೂ ಇನ್ನೊಂದರಲ್ಲಿ ಬೀನ್ಸ್ ಕಾಳನ್ನೂ ತಂದಿತೆಂಬ ನಂಬಿಕೆಯಿಂದ, ಪೈರು ತಿಂದರೂ ಕಾಗೆಯನ್ನು ಕೊಲ್ಲುತ್ತಿದ್ದವರು ವಿರಳ. ಇಂಗ್ಲಿಷರ ಮ್ಯಾಸಚೂಸೆಟ್ಸ್ ವಸಾಹತು ಹೊರದಬ್ಬಿದ ಪಾದ್ರಿ ರೋಜರ್ ವಿಲಿಯಮ್ಸ್‌ಗೆ 1636ರಲ್ಲಿ ನೆಲ ಕೊಟ್ಟವರೂ ಅವರ ನಾಯಕರಾದ ಕನೋನಿಕಸ್ ಮತ್ತು ಮಿಯಾಂಟೊನೊಮಿ. 1675ರ ಡಿಸೆಂಬರ್ 19ರಂದು ಇಂಗ್ಲಿಷ್ ವಸಾಹತುಗಳ ಸೇನೆ ಜೌಗಿನ ನಡುವಿನ ಅವರ ಕೋಟೆಗೆ ನುಗ್ಗಿ, ಹೆಂಗಸರು ಮಕ್ಕಳಿದ್ದ ಗುಡಿಸಲುಗಳಿಗೆ ಬೆಂಕಿಯಿಟ್ಟಿತು.

ಮಾರ್ಗದರ್ಶಿಯ ಕಥೆ ಅಲ್ಲಿಗೇ ಮುಗಿಯಿತು. ಆದರೆ ಆ ಜನ ಅಲ್ಲಿಗೆ ಮುಗಿಯಲಿಲ್ಲ.

ಉಳಿದವರು ಬೇರೆಯವರೊಂದಿಗೆ ಬೆರೆತುಹೋದರಲ್ಲ ಎಂದು ಜೊತೆಗಿದ್ದವರೊಬ್ಬರು ಹೇಳಿದರು. 1880ರಲ್ಲಿ ರೋಡ್ ಐಲೆಂಡ್ ಸರ್ಕಾರ ಆ ಬುಡಕಟ್ಟನ್ನೇ ಕಾನೂನಿನ ಮೂಲಕ ರದ್ದುಪಡಿಸಿ ನೆಲವನ್ನು ಕಿತ್ತುಕೊಂಡಾಗ ಅಧಿಕಾರಿಗಳು ಆಡಿದ ಮಾತೂ ಇದೇ ಆಗಿತ್ತು. ಮದುವೆಯಾದ ಮಾತ್ರಕ್ಕೆ ಒಂದು ಜನಾಂಗ ಅಳಿಯುವುದಾದರೆ ಭೂಮಿಯ ಮೇಲೆ ಯಾರೂ ಉಳಿಯುತ್ತಿರಲಿಲ್ಲ. ಅವರು ಚಾರ್ಲ್ಸ್‌ಟೌನ್‌ನ ಕಲ್ಲಿನ ಚರ್ಚನ್ನು ಬಿಡಲಿಲ್ಲ, ಪ್ರತಿ ಆಗಸ್ಟ್‌ನಲ್ಲಿ ಸೇರುವುದನ್ನು ಬಿಡಲಿಲ್ಲ. 1978ರಲ್ಲಿ ಸುಮಾರು 1,800 ಎಕರೆಯನ್ನು ಮರಳಿ ಪಡೆದರು, 1983ರಲ್ಲಿ ಕೇಂದ್ರ ಸರ್ಕಾರದ ಮನ್ನಣೆಯನ್ನೂ ಪಡೆದರು.

ಒಪ್ಪಿಕೊಳ್ಳುತ್ತೇನೆ, ಊರಿನಿಂದ ಬಂದ ನೆಂಟರಿಗೆ ನಾನೂ ವರ್ಷಗಟ್ಟಲೆ ‘ಹಿಂದೆ ಇಲ್ಲಿದ್ದರು’ ಎಂದೇ ಹೇಳಿದ್ದೇನೆ. ಆ ನಾಚಿಕೆ ಇನ್ನೂ ಹೋಗಿಲ್ಲ. 2009ರಲ್ಲಿ ಅವರ 31 ಎಕರೆಯ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನಿಂತದ್ದು, ‘ಈಗ ಕೇಂದ್ರದ ವ್ಯಾಪ್ತಿಯಲ್ಲಿರುವ’ ಬುಡಕಟ್ಟುಗಳ ಕುರಿತ ಕಾನೂನಿನಲ್ಲಿದ್ದ ‘ಈಗ’ ಎಂಬ ಒಂದು ಪದದ ಮೇಲೆ. ಆ ‘ಈಗ’ ಎಂದರೆ ಕಾನೂನು ಬಂದ 1934 ಎಂದು ನ್ಯಾಯಾಲಯ ತೀರ್ಮಾನಿಸಿತು. ಆಗ ಅವರು ಕೇಂದ್ರದ ವ್ಯಾಪ್ತಿಯಲ್ಲಿ ಇರಲಿಲ್ಲವಾದ್ದರಿಂದ, ಆ ನೆಲವನ್ನು ಕೇಂದ್ರ ಸರ್ಕಾರ ಅವರ ಪರವಾಗಿ ಟ್ರಸ್ಟ್‌ಗೆ, ಅಂದರೆ ಅವರಿಗಾಗಿ ತನ್ನ ಹೆಸರಿನಲ್ಲಿ ಕಾಯ್ದಿಡಲು, ತೆಗೆದುಕೊಳ್ಳಲು ಅವಕಾಶವಿಲ್ಲವೆಂದಿತು. ರಾತ್ರಿ ಮಗಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅವಳು ತನ್ನ ಶಾಲೆಯ ಟಿಪ್ಪಣಿಯಲ್ಲಿ ‘ಇದ್ದರು’ ಎಂಬುದನ್ನು ಹೊಡೆದುಹಾಕಿದಳು.