ಒಣದ್ರಾಕ್ಷಿ ಡಬ್ಬಿಯ ಮೇಲೊಂದು ಅಸ್ಥಿಪಂಜರ

'ಎಂಜಿನಿಯರಿಂಗ್ ಕಲಿಯಾಕ ಕ್ಯಾಲಿಫೋರ್ನಿಯಾಕ್ಕ ಹೋಗಿ ಚಿತ್ರ ನೋಡ್ಕೋತ ಕುಂತೀಯಂತಲ್ಲೋ, ಅದ್ರಿಂದ ಏನ್ ಸಿಗತೈತಿ?' ಅಂತ ಮೊನ್ನೆ ಕಾಕಾ ಫೋನಿನಲ್ಲಿ ಕೇಳಿದರು. ಡಿಗ್ರಿಗೆ ಕ್ರೆಡಿಟ್ ಬೇಕಲ್ಲ ಕಾಕಾ, ಅಂತ ಜಾರಿಕೊಂಡೆ. ಚಿಕಾನಾ ಕಲೆಯ ಕ್ಲಾಸಿಗೆ ಸೇರಿದ್ದೂ ಅದಕ್ಕೇ ಬಿಡಿ, ಟೈಮಿಂಗ್ ಚೆನ್ನಾಗಿತ್ತು. ಚಿಕಾನಾ ಅಂದರೆ ಮೆಕ್ಸಿಕೋ ಮೂಲದ ಅಮೆರಿಕನ್ ಹೆಂಗಸರು. 1960ರ ದಶಕದಲ್ಲಿ ಹಕ್ಕುಗಳಿಗಾಗಿ ಹೋರಾಡುವಾಗ ಹೆಮ್ಮೆಯಿಂದ ಹೇಳಿಕೊಂಡ ಹೆಸರು ಅದು.

ಎರಡನೇ ವಾರ ಕಲಾವಿದೆ ಎಸ್ಟರ್ ಹೆರ್ನಾಂಡೆಸ್ ಅವರ 'ಸನ್ ಮ್ಯಾಡ್' ತೋರಿಸಿದರು. 1982ರ ಸ್ಕ್ರೀನ್‌ಪ್ರಿಂಟ್. ಇಲ್ಲಿನ ಅಂಗಡಿಗಳಲ್ಲಿ 'ಸನ್-ಮೇಡ್' ಒಣದ್ರಾಕ್ಷಿಯ ಕೆಂಪು ಡಬ್ಬಿ ಸಿಗುತ್ತದಲ್ಲ, ಕೆಂಪು ಟೋಪಿಯ ಹುಡುಗಿ ದ್ರಾಕ್ಷಿ ಹಿಡಿದು ನಗ್ತಿರೋದು, ಅದೇ. ಅದೇ ಟೋಪಿ, ಅದೇ ಸೂರ್ಯ, ಅವೇ ಗೊಂಚಲು. ಹುಡುಗಿಯ ಜಾಗದಲ್ಲಿ ಅಸ್ಥಿಪಂಜರ, ಹಲ್ಲು ಕಿರಿದು ನಿಂತಿದೆ. ಕೀಟನಾಶಕ, ನುಸಿನಾಶಕ, ಕಳೆನಾಶಕ, ಶಿಲೀಂಧ್ರನಾಶಕ ಹಾಕಿ ಬೆಳೆದದ್ದು ಅಂತ ಕೆಳಗೆ ಬರೆದಿದೆ. ಹೆರ್ನಾಂಡೆಸ್ ಹುಟ್ಟಿದ್ದು ಇದೇ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯ ಡೈನುಬಾದಲ್ಲಿ, ಹೊಲದ ಕೂಲಿಯವರ ಮನೆಯಲ್ಲಿ. ಊರ ಕಡೆಯ ನೀರಿಗೇ ಈ ವಿಷ ಸೇರಿದೆ ಅಂತ ಗೊತ್ತಾದ ಮೇಲೆ ಮಾಡಿದ ಚಿತ್ರ.

ನಮ್ಮದು ವಿಜಯಪುರದ ಕಡೆ ದ್ರಾಕ್ಷಿ ತೋಟ. ಸ್ಪ್ರೇ ಮಾಡೋದಕ್ಕೆ ನಾವು 'ಔಷಧ ಹೊಡೆಯೋದು' ಅಂತೀವಿ. ಹುಟ್ಟಿದಾಗಿಂದ ಕೇಳಿದ ಮಾತು, ಒಂದು ದಿನವೂ ವಿಚಿತ್ರ ಅನಿಸಿರಲಿಲ್ಲ. ಔಷಧ ಹೊಡೆದ ದಿನ ಅಪ್ಪ ಅಂಗಿ ಬಿಚ್ಚಿ ಹೊರಗೆ ಬೇವಿನ ಗಿಡಕ್ಕೆ ನೇತುಹಾಕಿ ಒಳಗೆ ಬರುತ್ತಿದ್ದರು, ಅವ್ವ ಅದನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದಳು. ಅಂದರೆ ಗೊತ್ತಿತ್ತು, ಅಲ್ವಾ?

ಇನ್ನೊಬ್ಬ ಚಿಕಾನಾ ಕಲಾವಿದೆ ಯೊಲಾಂಡಾ ಲೋಪೆಸ್ 1978ರಲ್ಲಿ ಮಾಡಿದ ಮೂರು ಚಿತ್ರಗಳೂ ತಲೆಯಿಂದ ಹೋಗುತ್ತಿಲ್ಲ. ಒಂದರಲ್ಲಿ ಗ್ವಾಡಲೂಪೆ ಮಾತೆಯ, ಅಂದರೆ ಮೆಕ್ಸಿಕೋದವರು ಪೂಜಿಸುವ ಮೇರಿ ಮಾತೆಯ, ಪ್ರಭಾವಳಿ ತಂದು ಅದರ ಮುಂದೆ ಶೂ ಹಾಕಿ ಓಡುತ್ತಿರುವ ತನ್ನನ್ನೇ ಬರೆದುಕೊಂಡಿದ್ದಾರೆ. ಇನ್ನೊಂದರಲ್ಲಿ ಅವರ ಅಮ್ಮ, ಕನ್ನಡಕ ಹಾಕಿಕೊಂಡು ಹೊಲಿಗೆ ಮೆಷಿನ್ ಮುಂದೆ ಬಗ್ಗಿ, ಮಾತೆಯ ನಕ್ಷತ್ರದ ಹೊದಿಕೆಯನ್ನೇ ಹೊಲಿಯುತ್ತಿದ್ದಾರೆ. ಮೂರನೆಯದರಲ್ಲಿ ಅಜ್ಜಿ. ಸುಮ್ನೆ ಕೂತಿದ್ದಾರೆ, ಕೈಯಲ್ಲಿ ಚಾಕು ಮತ್ತು ಸುಲಿದ ಹಾವಿನ ಚರ್ಮ. ದೇವಿಯ ಹೊದಿಕೆಯನ್ನೂ ಯಾರೋ ಕೂತು ಹೊಲಿದಿರಬೇಕು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಎಲ್ಲವೂ ಇಷ್ಟೇ ಚೆನ್ನಾಗಿತ್ತು ಅಂತೇನಿಲ್ಲ, ಕೆಲವು ಪೋಸ್ಟರ್ ಬರೀ ಘೋಷಣೆ. ಮೆಕ್ಸಿಕನ್ ಮೂಲದ ಹುಡುಗರಿಗೆ ಈ ಕ್ಲಾಸಿನಿಂದ ತಮ್ಮ ಮನೆಯವರ ಬಗ್ಗೆ ಅಭಿಮಾನ ಹುಟ್ಟುತ್ತೆ ಅಂತಾರೆ, ಹುಟ್ಟಲಿ. ನನಗೆ ಆದದ್ದು ಬೇರೆ. ಮೊದಲು ಆ ಅಸ್ಥಿಪಂಜರದಲ್ಲಿ ನಮ್ಮಪ್ಪನೇ ಕಂಡದ್ದು. ಆಮೇಲೆ ನಿಧಾನಕ್ಕೆ ಹೊಳೆಯಿತು, ಹೆರ್ನಾಂಡೆಸ್ ಮನೆಯವರು ಕೂಲಿ ಮಾಡಿದವರು, ನಾವು ಕೂಲಿ ಕೊಡೋರು. ಅಪ್ಪ ವರ್ಷಕ್ಕೆ ನಾಲ್ಕು ಸಲ ಪಂಪ್ ಹೊತ್ತಿರಬಹುದು. ಉಳಿದ ದಿನವೆಲ್ಲ ಹೊತ್ತವರ ಅಂಗಿ ನಮ್ಮ ಬೇವಿನ ಗಿಡದಲ್ಲಿ ಇರಲಿಲ್ಲ.

ನಿನ್ನೆ ನಾನೇ ಫೋನ್ ಮಾಡಿದೆ. 'ಕಾಕಾ, ಔಷಧ ಹೊಡಿಯಾಕ ಬರೋ ಆಳುಗಳು ಅಂಗಿ ಎಲ್ಲಿ ಒಗೀತಾರ?'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ 'ಯಾಕ, ಏನಾತು?' ಅಂದರು.