ಅಕ್ಟೋಬರಿನ ಜಿಂಕೆಗೆ ಅಳುವವರು ಯಾರು?

ಮೊನ್ನೆ, ಈ ಜನವರಿಯ ಒಂದು ಶನಿವಾರ ಸಂಜೆ, ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ನಮ್ಮ ಬೇಟೆ ಗುಂಪಿನ ಹುಡುಗನೊಬ್ಬ ತಾನು ಹೊಡೆದ ಹೆಣ್ಣು ಜಿಂಕೆಯನ್ನು ಹಿಮದ ಮೇಲೆ ಅಂಗಾತ ಮಲಗಿಸಿಕೊಂಡು ಕರುಳು ತೆಗೆಯುತ್ತಿದ್ದಾಗ ಗರ್ಭಚೀಲ ಕೈಗೆ ಬಂತು. ಒಳಗೆ ಹೆಬ್ಬೆರಳುದ್ದದ ಎರಡು ಮರಿಗಳಿದ್ದವು. ಹುಡುಗ ಚಾಕು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟ. ಅವನ ಸಂಕಟ ನನಗೆ ಅರ್ಥವಾಗುತ್ತದೆ; ಅರ್ಥವಾಗದಿರುವುದು ಆಮೇಲೆ ನಡೆದದ್ದು. ಜೊತೆಗಿದ್ದ ಹಿರಿಯರೊಬ್ಬರು "ಒಂದೇ ಗುಂಡಿಗೆ ಮೂರು ಜೀವ" ಎಂದು ಅವನಿಗೆ ಅರ್ಧ ಗಂಟೆ ಉಪದೇಶ ಮಾಡಿದರು. ರಾತ್ರಿ ನಾನು ಇದನ್ನು ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದೇ ತಡ, "ಅಯ್ಯೋ ಪಾಪ, ಗಬ್ಬದ ಜಿಂಕೆ" ಎಂಬ ಶೋಕಸಂದೇಶಗಳು ಸಾಲುಗಟ್ಟಿ ಬಂದವು.

ಸ್ವಾಮಿ, ಸ್ವಲ್ಪ ಲೆಕ್ಕ ಹಾಕಿ. ಪೆನ್ಸಿಲ್ವೇನಿಯಾದ ಈ ಬಿಳಿಬಾಲದ ಜಿಂಕೆಗಳಲ್ಲಿ ಹೆಚ್ಚಿನವು ನವೆಂಬರ್ ಮಧ್ಯದ ಆಸುಪಾಸಿನಲ್ಲಿ ಬೆದೆಗೆ ಬರುತ್ತವೆ, ಸುಮಾರು 200 ದಿನ ಗಬ್ಬ ಹೊರುತ್ತವೆ, ಮೇ ಕೊನೆಗೋ ಜೂನ್ ಮೊದಲಿಗೋ ಈಯುತ್ತವೆ. ಬಲಿತ ಹೆಣ್ಣಾದರೆ ಸಾಮಾನ್ಯವಾಗಿ ಅವಳಿ. ಅದೇ ಜಿಂಕೆಯನ್ನು ಅಕ್ಟೋಬರಿನಲ್ಲಿ ಹೊಡೆದಿದ್ದರೆ ಜೂನಿನಲ್ಲಿ ಆ ಎರಡು ಮರಿಗಳು ಎಲ್ಲಿಂದ ಬರುತ್ತಿದ್ದವು? ಅಕ್ಟೋಬರಿನಲ್ಲಿ ಹೊಡೆದರೂ ಅಷ್ಟೇ, ಜನವರಿಯಲ್ಲಿ ಹೊಡೆದರೂ ಅಷ್ಟೇ. ಒಂದರಲ್ಲಿ ಮರಿ ಕಣ್ಣಿಗೆ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಕಂಡದ್ದಕ್ಕೆ ಮಾತ್ರ ಕಣ್ಣೀರು ಸುರಿಸುವುದಾದರೆ ಅದನ್ನು ಕರುಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಾನು ಕೊಡಗಿನ ವಿರಾಜಪೇಟೆ ಕಡೆಯವನು. ಊರಿನಲ್ಲಿ ಬೇಟೆಯ ಮಾತು 1972ರ ವನ್ಯಜೀವಿ ಕಾಯ್ದೆಯೊಂದಿಗೇ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಊರಿನ ಕಣ್ಣಿನಿಂದ ಇಲ್ಲಿಯ ಜಿಂಕೆಯನ್ನು ನೋಡಿದರೆ ತಪ್ಪುತ್ತೇವೆ. ನಾಗರಹೊಳೆಯ ಚುಕ್ಕೆ ಜಿಂಕೆಗಳಲ್ಲಿ ಯಾವ ತಿಂಗಳು ಹೋದರೂ ಒಂದು ಗಂಡಿಗೆ ಗಟ್ಟಿ ಕೊಂಬಿರುತ್ತದೆ, ಪಕ್ಕದ್ದಕ್ಕೆ ಮಖಮಲ್ಲಿನಂಥ ಎಳೆಗೊಂಬಿರುತ್ತದೆ, ಹಿಂಡಿನಲ್ಲಿ ಎಲ್ಲೋ ಒಂದು ಪುಟ್ಟ ಮರಿಯೂ ಇರುತ್ತದೆ. ಇಲ್ಲಿ ಅಂಥ ಉದಾರತೆಗೆ ಅವಕಾಶವಿಲ್ಲ. ಹಗಲು ಕುಗ್ಗುತ್ತಾ ಬಂದಂತೆ ಮೈಯೊಳಗಿನ ಗಡಿಯಾರ ತಿರುಗಿ, ಹೆಣ್ಣು ಸುಮಾರು ಒಂದು ದಿನ ಮಾತ್ರ ಬೆದೆಯಲ್ಲಿರುತ್ತದೆ. ಆಗ ಗಂಡು ಸಿಗದಿದ್ದರೆ ಸುಮಾರು 28 ದಿನ ಬಿಟ್ಟು ಮತ್ತೆ ಬೆದೆಗೆ ಬರುತ್ತದೆ. ಹಾಗೆ ತಡವಾಗಿ ಗಬ್ಬವಾದದ್ದರ ಮರಿ ತಡವಾಗಿ ಹುಟ್ಟಿ, ಬಡಕಲಾಗಿಯೇ ಚಳಿಗಾಲಕ್ಕೆ ಕಾಲಿಡುತ್ತದೆ. ಹೆಣ್ಣುಗಳು ಅತಿಯಾಗಿ, ಎಲ್ಲಕ್ಕೂ ಗಂಡು ಸಾಲದ ಕಾಡಿನಲ್ಲಿ ಇದೇ ಆಗುವುದು. ಆದ್ದರಿಂದಲೇ ನಾನು ಬಡಿದುಕೊಳ್ಳುತ್ತಿರುವುದು: ಹೆಣ್ಣನ್ನು ಹೊಡೆಯುವುದೇ ಆದರೆ ಬೆದೆಗೆ ಮೊದಲು, ಅಕ್ಟೋಬರಿನಲ್ಲಿ ಹೊಡೆಯಿರಿ. ಅಲ್ಲಿಂದಾಚೆ ಅದು ತಿನ್ನಬಹುದಾಗಿದ್ದ ಓಕ್ ಕಾಯಿ, ಚಿಗುರು ಎಲ್ಲವೂ ಉಳಿದವುಗಳ ಪಾಲಾಗುತ್ತದೆ.

ಹೆಣ್ಣನ್ನು ಮುಟ್ಟಬಾರದೆಂಬ ಈ ಮಡಿ ಎಲ್ಲಿಂದ ಬಂತೆಂಬುದೂ ನಿಗೂಢವೇನಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಇಲ್ಲಿ ಜಿಂಕೆಗಳೇ ಅಳಿದುಹೋಗುವುದರಲ್ಲಿದ್ದವು. 1906ರಿಂದ ಬೇರೆ ರಾಜ್ಯಗಳಿಂದ ತಂದು ಬಿಟ್ಟರು, 1907ರಲ್ಲಿ ಹೆಣ್ಣನ್ನು ಹೊಡೆಯಬಾರದೆಂದು ಕಾನೂನು ಮಾಡಿದರು. ಅಂದಿಗೆ ಅದು ವಿವೇಕವೇ ಆಗಿತ್ತು. ಆಮೇಲೆ ಜಿಂಕೆಗಳು ಸಸಿಯೇಳದಂತೆ ಕಾಡನ್ನು ಮೇಯುವಷ್ಟು ಹೆಚ್ಚಿದರೂ ಅಜ್ಜಂದಿರ ಮಾತು ಮೊಮ್ಮಕ್ಕಳ ಬಾಯಲ್ಲಿ ಉಳಿದುಬಿಟ್ಟಿತು. ಈ ಶತಮಾನದ ಆರಂಭದವರೆಗೂ ಎರಡು ವಾರ ಗಂಡಿನ ಬೇಟೆ, ಅದು ಮುಗಿದ ಮೇಲೆ ಮೂರೇ ದಿನ ಹೆಣ್ಣಿನದು ಎಂಬ ಕ್ರಮವಿತ್ತು. ಕ್ರಮ ಹೋಯಿತು, ಚಾಳಿ ಹೋಗಲಿಲ್ಲ. ಈಗ ಅಕ್ಟೋಬರಿನಲ್ಲಿ ಹೆಣ್ಣಿಗೆಂದೇ ನಳಿಕೆಯ ಬಾಯಿಂದ ಮದ್ದುಗುಂಡು ತುಂಬುವ ಕೋವಿಯ (ಮಜಲ್‌ಲೋಡರ್) ಒಂದು ವಾರದ ಬೇಟೆಯಿದೆ. ಆ ವಾರ ನಮ್ಮ ವೀರರೆಲ್ಲ ಮನೆಯಲ್ಲಿ ಕುಳಿತು ಫುಟ್‌ಬಾಲ್ ನೋಡುತ್ತಿರುತ್ತಾರೆ.

"ಅಕ್ಟೋಬರಿನಲ್ಲಿ ಸದ್ದು ಮಾಡಿದರೆ ದೊಡ್ಡ ಗಂಡು ಬೆದರಿ ಓಡುತ್ತದೆ" ಎನ್ನುತ್ತಾರೆ. ನವೆಂಬರಿನಲ್ಲಿ ಹೆಣ್ಣಿನ ವಾಸನೆ ಹಿಡಿದು ಹಗಲು ಹೊತ್ತಿನಲ್ಲೇ ಹೆದ್ದಾರಿ ದಾಟಿ ಕಾರಿಗೆ ಸಿಕ್ಕಿ ಸಾಯುವ ಪ್ರಾಣಿ, ಮೂರು ವಾರದ ಹಿಂದಿನ ಕೋವಿಯ ಸದ್ದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆಯೇ? "ಮರಿಗಳು ತಬ್ಬಲಿಯಾಗುತ್ತವೆ" ಎಂಬುದು ಇನ್ನೊಂದು ವಾದ. ಅಕ್ಟೋಬರಿಗೆ ಮರಿಗೆ ನಾಲ್ಕು ತಿಂಗಳು ತುಂಬಿರುತ್ತದೆ, ಹಾಲಿನ ಹಂಗು ಕಳೆದು ಸ್ವಂತ ಮೇದು ಬದುಕುತ್ತದೆ. ಒಪ್ಪಬಹುದಾದ ಮಾತೊಂದೇ: ಆಗ ಬಿಸಿಲಿರುತ್ತದೆ, ಮಾಂಸ ಬೇಗ ಕೆಡುತ್ತದೆ. ಅದಕ್ಕೆ ಎರಡು ಚೀಲ ಮಂಜುಗಡ್ಡೆ ಸಾಕು.

ಇಷ್ಟೆಲ್ಲ ಬರೆಯುವ ನಾನು ಸಾಚಾ ಎಂದುಕೊಳ್ಳಬೇಡಿ. ಇಲ್ಲಿಗೆ ಬಂದ ಮೂರನೆಯ ವರ್ಷ ನಾನೂ ಕೊಂಬಿನ ಕನಸಿನಲ್ಲಿ ಅಕ್ಟೋಬರ್, ನವೆಂಬರ್ ಎರಡನ್ನೂ ಕಳೆದು, ಡಿಸೆಂಬರಿನ ಒಂದು ಮುಸ್ಸಂಜೆ ಬರಿಗೈಯಲ್ಲಿ ಹೋಗಬಾರದೆಂಬ ಹಟದಿಂದ ಒಂಟಿಯಾಗಿ ನಿಂತಿದ್ದ "ಹೆಣ್ಣಿಗೆ" ಗುಂಡು ಹಾರಿಸಿದೆ. ಹತ್ತಿರ ಹೋಗಿ ನೆತ್ತಿ ಸವರಿದರೆ ಕೂದಲಿನ ಕೆಳಗೆ ಎರಡು ಗುಬುಟುಗಳು ಬೆರಳಿಗೆ ತಗುಲಿದವು. ಆರು ತಿಂಗಳ ಗಂಡುಮರಿ. ಇಲ್ಲಿಯವರು ಬಟನ್ ಬಕ್ ಎನ್ನುತ್ತಾರೆ. ಅಕ್ಟೋಬರಿನಲ್ಲಿ ತಾಯಿಯ ಪಕ್ಕದಲ್ಲಿ ನಿಂತಾಗ ಮರಿ ಮರಿಯಂತೆಯೇ ಕಾಣುತ್ತದೆ, ಮೂತಿ ಗಿಡ್ಡ, ಮೈ ಚೌಕ. ಡಿಸೆಂಬರಿಗೆ ಅದು ಬೆಳೆದು, ಚಳಿಗಾಲದ ಕೂದಲು ದಟ್ಟವಾಗಿ, ಒಂಟಿಯಾಗಿ ನಿಂತರೆ ಅಳೆಯಲು ಪಕ್ಕದಲ್ಲಿ ಏನೂ ಇರುವುದಿಲ್ಲ. ಜನವರಿಯಲ್ಲಂತೂ ಕೊಂಬು ಉದುರಿಸಿಕೊಂಡ ದೊಡ್ಡ ಗಂಡೂ ಹೆಣ್ಣಿನಂತೆಯೇ ಕಾಣಬಹುದು. ಆ ರಾತ್ರಿ ನಾನು ಯಾರಿಗೂ ಫೋಟೋ ಕಳಿಸಲಿಲ್ಲ. ಹೆಂಡತಿಗೂ ವರ್ಷವಾದ ಮೇಲೆ ಹೇಳಿದೆ.

ಹುಡುಗನಿಗೆ ಮರುದಿನ ಫೋನ್ ಮಾಡಿ, ಮುಂದಿನ ಅಕ್ಟೋಬರಿನಲ್ಲಿ ನನ್ನ ಜೊತೆ ಬಾ ಎಂದಿದ್ದೇನೆ. ವಾಟ್ಸಾಪಿನ ಶೋಕತಪ್ತ ಗೆಳೆಯರಿಗೆ ಒಂದು ಸಣ್ಣ ಮಾಹಿತಿ: ದೀಪಾವಳಿಯ ಮರುವಾರ ನಮ್ಮ ಮನೆಯಲ್ಲಿ ಕಾಚಂಪುಳಿ (ಕೊಡಗಿನ ಹುಳಿರಸ) ಹಾಕಿ ಮಾಡಿದ್ದ, ನೀವು ಎರಡೆರಡು ಸಲ ಬಡಿಸಿಕೊಂಡು ಡಬ್ಬಿಯಲ್ಲಿ ಕಟ್ಟಿಸಿಕೊಂಡೂ ಹೋದ ಆ ಕರಿ, ಅಕ್ಟೋಬರಿನಲ್ಲಿ ನಾನು ಹೊಡೆದ ಹೆಣ್ಣು ಜಿಂಕೆಯದು. ಅದೂ ಈ ಜೂನಿಗೆ ಅವಳಿ ಈಯಬಹುದಿತ್ತು.